ಮೆಟ್ಟಿಲ ಸೊಲ್ಲು

ಆ ಊರಿನ ಹೆಸರನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಒತ್ತಾಯಿಸಿ ಕೇಳಲಿಲ್ಲ. ಈ ಕಥೆಯನ್ನು ಮೊದಲು ಕೇಳಿದ್ದು ಕಂಬಳಿ ಮಾರಲು ಬಂದಿದ್ದ ಒಬ್ಬ ಮುದುಕನಿಂದ. ಬಹಳ ವರ್ಷಗಳ ಮೇಲೆ, ಬೇರೊಂದು ಸೀಮೆಯಲ್ಲಿ, ಬಾಣಂತಿಯರಿಗೆ ಎಣ್ಣೆ ತಿಕ್ಕುವ ಹೆಂಗಸೊಬ್ಬಳು ಇದನ್ನೇ ಹೇಳಿದಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರ ಮಾತು ಕೂಡುವ ಕಡೆ ಕೂಡಿಸಿದ್ದೇನೆ. ಅಗಲುವ ಕಡೆ ಅಗಲಿದೆ ಎಂದೇ ತಿಳಿಸುತ್ತೇನೆ.

ಆ ಊರನ್ನು ದಿನವೂ ನಸುಕಿನಲ್ಲಿ ಹೇಳಬೇಕಾಗಿತ್ತು. ಹೇಳಿದರೆ ಇರುತ್ತಿತ್ತು. ಗುಡ್ಡದ ಬುಡದಲ್ಲಿದ್ದ ಚಾವಡಿಯಲ್ಲಿ ಮನೆತನಕ್ಕೊಬ್ಬರಂತೆ ಬಂದು ಕೂರುತ್ತಿದ್ದರು. ಬಾವಿಯ ಸೊಲ್ಲು ಒಬ್ಬರದು, ಪೇಟೆಯ ಸೊಲ್ಲು ಇನ್ನೊಬ್ಬರದು, ಗಂಟೆಯದು ಮತ್ತೊಬ್ಬರದು. ಆ ಸೊಲ್ಲುಗಳಲ್ಲಿ ಯಾರೂ 'ಕಟ್ಟು' ಎನ್ನುತ್ತಿರಲಿಲ್ಲ, 'ಮಾಡು' ಎನ್ನುತ್ತಿರಲಿಲ್ಲ. 'ಐತಿ' ಎನ್ನುತ್ತಿದ್ದರು, ಅಷ್ಟೆ. ಬಾವಿ ಐತಿ, ಬಾವಿಗೆ ಕಟ್ಟೆ ಐತಿ, ಕಟ್ಟೆಯ ಮೇಲೆ ಹಗ್ಗ ಉಜ್ಜಿದ ಗುರುತು ಐತಿ. ಹೇಳುವಷ್ಟು ಹೊತ್ತು ಹೊರಗೆಲ್ಲ ಮಬ್ಬು ಕವಿದಿರುತ್ತಿತ್ತು; ಯಾರೂ ಹೆಜ್ಜೆ ಇಡುತ್ತಿರಲಿಲ್ಲ. ಕೊನೆಯ ಸೊಲ್ಲು ಮುಗಿದು ಬಾಗಿಲು ತೆರೆದಾಗ ಹೇಳಿದ ಊರು ಹೊರಗೆ ನಿಂತಿರುತ್ತಿತ್ತು. ಹಗಲಿನಲ್ಲಿ ಗೋಡೆಗೆ ಹೊಸ ಗೂಟ ಹೊಡೆದವನು ಮರುದಿನ 'ಗೂಟ ಐತಿ' ಎನ್ನಲು ಮರೆತರೆ ಅವನ ಅಂಗಿ ನೆಲದ ಮೇಲೆ ಬಿದ್ದಿರುತ್ತಿತ್ತು. ಇದರಲ್ಲಿ ಅವರಿಗೆ ಸೋಜಿಗವೇನೂ ಇರಲಿಲ್ಲ. ನೆರೆಯ ಊರುಗಳು ಯಾರೂ ಹೇಳದೆ ಅದು ಹೇಗೆ ನಿಂತಿರುತ್ತವೆ ಎಂಬುದೇ ಅವರಿಗೆ ಸೋಜಿಗ.

ಒಂದು ಸೊಲ್ಲು ಇನ್ನೊಂದಕ್ಕೆ ಹೊಂದದೆ ಎಡವಿದರೂ ಊರು ಹೊಸದನ್ನು ತೊಡುತ್ತಿರಲಿಲ್ಲ. ನಿನ್ನೆಯ ಊರೇ ಎದ್ದು ನಿಲ್ಲುತ್ತಿತ್ತು. ಜನ ಮಾತ್ರ ನಿನ್ನೆಯವರಾಗುತ್ತಿರಲಿಲ್ಲ. ಹಸಿವು, ಗಡ್ಡ, ಬಸುರು ಇವು ಮೂರೂ ಮುಂದಕ್ಕೇ ನಡೆಯುತ್ತಿದ್ದವು.

ದುಂಡವ್ವ ಆ ಊರಿನ ಸೂಲಗಿತ್ತಿ. ಅವಳ ಮನೆ ಕೆಳಗೇರಿಯಲ್ಲಿ, ಚಾವಡಿಯ ಮಗ್ಗುಲಿಗೆ. ಹೆರುವವರೆಲ್ಲ ಮೇಲುಗೇರಿಯಲ್ಲಿ. ನಡುವೆ ಎರಡು ಬಂಡೆಗಳ ಸಂದಿಯಲ್ಲಿ ಕಡಿದಾದ ಮೆಟ್ಟಿಲ ಸಾಲು. ಅದು ಬಿಟ್ಟರೆ ಬೇರೆ ದಾರಿಯಿಲ್ಲ. ಒಂದು ಮಳೆಯ ದಿನ, ಹೆರಿಗೆ ಮುಗಿಸಿ ಉಡಿಯಲ್ಲಿ ಬೆಲ್ಲ ಕಟ್ಟಿಕೊಂಡು ಇಳಿಯುವಾಗ ಅವಳು ಜಾರಿಬಿದ್ದು ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ಕಾಲು ಏಳಲಿಲ್ಲ. ಅಂದಿನಿಂದ ಅವಳ ಓಡಾಟವೆಲ್ಲ ಬಡಿಗ ಮಾಡಿಕೊಟ್ಟ ಗಾಲಿಮಣೆಯ ಮೇಲೆ. ಅವಳು ಬಿದ್ದ ಆ ಮೆಟ್ಟಿಲನ್ನು ಅಂದು ನಸುಕಿನಲ್ಲಿ 'ಐತಿ' ಎಂದವನು ಅವಳ ಗಂಡ ಮುರಿಗೆಪ್ಪನೇ. ಮೆಟ್ಟಿಲ ಸೊಲ್ಲು ಅವನ ಮನೆತನದ್ದು. ಅವನ ಅಜ್ಜನೂ ಮುರಿಗೆಪ್ಪ. ಅಜ್ಜನ ಕಾಲದಿಂದ ಆ ಮನೆಗೆ 'ಮುರಿಗೆಪ್ಪನ ಮನಿ' ಎಂದೇ ಹೆಸರು.

ಹೆರಿಗೆಗೆ ಕರೆ ಬಂದರೆ ನಾಲ್ವರು ಗಟ್ಟಿ ಆಳುಗಳು ಅವಳನ್ನು ಕುರ್ಚಿಯಲ್ಲಿ ಹೊತ್ತು ಮೇಲಕ್ಕೆ ಒಯ್ಯುತ್ತಿದ್ದರು. ದುಂಡವ್ವ ಹೆಸರಿಗೆ ತಕ್ಕ ಮೈಯವಳು. ಅವರು ಹತ್ತು ಹೆಜ್ಜೆಗೊಮ್ಮೆ ಇಳಿಸಿ ಉಸಿರಾಡುತ್ತಿದ್ದರು. ಸುಣ್ಣದ ಭಟ್ಟಿಯವರ ಸೊಸೆಯ ಹೆರಿಗೆಗೆ ಹಾಗೆ ಇಳಿಸುತ್ತ ಏರಿಸುತ್ತ ಹೋಗಿ ಬಾಗಿಲು ಮುಟ್ಟುವಷ್ಟರಲ್ಲಿ ಕೂಸು ಬಂದಿತ್ತು. ಅಳಲಿಲ್ಲ. ದುಂಡವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳಂತೆ. ಇಳಿಸಿಕೊಂಡು ಬರುವಾಗ ಹೊತ್ತವರ ಕಡೆ ನೋಡಲಿಲ್ಲವಂತೆ. ಈಗ ಅವಳ ತಂಗಿಯ ಮಗಳು ಸುಗಲಾ ಮೇಲುಗೇರಿಯಲ್ಲಿ ದಿನ ತುಂಬಿದ್ದಳು. ದುಂಡವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಾಲಿಮಣೆಯನ್ನು ಮೆಟ್ಟಿಲ ಬುಡದ ತನಕ ತಳ್ಳಿಕೊಂಡು ಹೋಗುವಳು, ಮೇಲೆ ನೋಡುವಳು, ತಿರುಗಿ ಬರುವಳು.

"ಏನ್ರಿ, ಮೆಟ್ಟಿಲಾ ಯಾಕ ಬೇಕು?" ಎಂದು ಒಂದು ದಿನ ಗಂಡನನ್ನು ಕೇಳಿದಳು. "ಏರುದಾರಿ ಐತಿ ಅಂತ ಹೇಳಿದ್ರ ಆಗೂದಿಲ್ಲೇನು? ಗಾಲಿ ಉಳ್ಳಿಸ್ಕೋತ ನಾನ ಹೋಗ್ತೀನಿ."

ಮುರಿಗೆಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಬೆರಳು ನಿಲ್ಲಿಸಿದ. "ನಮ್ಮಜ್ಜನ ಸೊಲ್ಲಿನಾಗ ಒಂದು ಅಕ್ಷರ ನಾ ಅಳ್ಳಾಡ್ಸೂದಿಲ್ಲ."

"ಅಳ್ಳಾಡಸಬ್ಯಾಡ್ರಿ. ನಾನು ಬ್ಯಾರೆ ಸೊಲ್ಲು ಕಟ್ಟತೀನಿ."

"ಕಟ್ಟು. ಊರು ಕೇಳಿದ್ರ ಕೇಳ್ಲಿ."

ಹಿರಿಯರಿಂದ ಬಂದ ಸೊಲ್ಲನ್ನು ಆ ಊರಿನಲ್ಲಿ ಯಾರೂ ತಿದ್ದುತ್ತಿರಲಿಲ್ಲ. ಬೇಡವಾದರೆ ಬದಿಗಿಡಲು ಅವಕಾಶವಿತ್ತು. ಹೇಳುವುದು ಮೊದಲಾಗುವ ಮುನ್ನ, ಆ ಮನೆಯವರೇ ಒಬ್ಬರು, ಮನೆಯ ಹೆಸರನ್ನು ಸ್ಪಷ್ಟವಾಗಿ ಹಿಡಿದು, 'ಇಂದು ಇಂಥವರ ಮನೆಯ ಇಂಥ ಸೊಲ್ಲು ಬದಿಗೆ' ಎನ್ನಬೇಕು. ಮುರಿಗೆಪ್ಪ ತಾನಾಗಿ ಹಾಗೆ ಹೇಳುವವನಲ್ಲ. ದುಂಡವ್ವ ಹೇಳಬಹುದಾಗಿತ್ತು. ಆದರೆ ಮನೆಯ ಹೆಸರೆಂದರೆ ಗಂಡನ ಹೆಸರು. ಮದುವೆಯಲ್ಲಿ ಒಗಟಿನಲ್ಲಿ ಸುತ್ತಿ ಹೇಳಿದ್ದು ಬಿಟ್ಟರೆ ಆ ಹೆಸರನ್ನು ಅವಳು ಬಾಯಲ್ಲಿ ತಂದವಳೇ ಅಲ್ಲ. ಅದಕ್ಕೆ ಅವಳು ಒಂದು ಉಪಾಯ ಹೂಡಿದಳು. ಬದಿಗಿಡುವ ಮಾತನ್ನೇ ಬಿಟ್ಟುಬಿಟ್ಟಳು. ಎಲ್ಲರದೂ ಮುಗಿದ ಮೇಲೆ ತಾನು ಕೊನೆಯಲ್ಲಿ ಏರುದಾರಿ ಹೇಳಿದರೆ, ಹಿಂದಿನ ಮಾತಿಗಿಂತ ಮುಂದಿನ ಮಾತೇ ನಿಲ್ಲುತ್ತದೆ ಎಂದುಕೊಂಡಳು.

ಮರುದಿನ ನಸುಕಿನಲ್ಲಿ ಮುರಿಗೆಪ್ಪ ಎಂದಿನಂತೆ ಮೆಟ್ಟಿಲು ಹೇಳಿದ. ಕೊನೆಗೆ ದುಂಡವ್ವ ಗಾಲಿಮಣೆಯ ಮೇಲಿಂದಲೇ, "ಎರಡು ಬಂಡೆಗಲ್ಲಿನ ನಡುವ ಏರುದಾರಿ ಐತಿ, ಗಾಲಿ ಜಾರಧಂಗ ನುಣುಪು ಕಮ್ಮಿ ಐತಿ" ಎಂದಳು. ಬಾಗಿಲು ತೆರೆದರು. ಹೊರಗೆ ನಿನ್ನೆಯ ಊರು. ಪೇಟೆಯ ಹಾಲಪ್ಪ ಅಂದು ಮೊದಲ ಸಲ ಹೇಳಿದ್ದ ಹೊಸ ಚಪ್ಪರವೂ ಇಲ್ಲ. ಅವನು ಖಾಲಿ ಆಕಾಶ ನೋಡುತ್ತ, "ನನ್ನ ಚಪ್ಪರಾ ಯಾರು ಉಂಡ್ರಪಾ?" ಎಂದು ಕೂಗಾಡಿದ.

ಚಾವಡಿಯ ಹಿರಿಯ ಭರಮಣ್ಣ ದುಂಡವ್ವನ ಬಳಿಗೆ ಬಂದು ಕೋಲಿಗೆ ಆನಿಕೊಂಡು ನಿಂತ. "ಅಲ್ಲವಾ, ಒಂದ ಸಂದಿಯಾಗ ಮೆಟ್ಟಿಲೂ ಐತಿ, ಏರುದಾರಿನೂ ಐತಿ ಅಂದ್ರ ಊರು ಯಾರ ಮಾತು ಕೇಳಬೇಕು? ಮೊದಲ ಅಂದಾಂವಂದೊ, ಕಡೀಕ ಅಂದಾಕಿದೊ? ಅದಕ್ಕ ಆ ಪಕ್ಷಪಾತ ಗೊತ್ತಿಲ್ಲ. ಎರಡೂ ಒಲ್ಲೆ ಅಂತು. ಮೊದಲ ಹಳೇದನ್ನ ಬದಿಗಿಡು, ಆಮ್ಯಾಲ ಹೊಸಾದು ತಾ."

"ನಾ ಹ್ಯಾಂಗ ಅನ್ನಲಿ, ಅಣ್ಣಾ? ಅವರ ಹೆಸರು ಹಿಡೀಬೇಕಲ್ಲ."

"ಹಿಡೀಲಿಲ್ಲಂದ್ರ ಮೆಟ್ಟಿಲು ಹಿಡ್ಕೊಂಡ ಕುಂದ್ರು" ಎಂದು ಭರಮಣ್ಣ ಹೊರಟುಹೋದ.

ಆ ದಿನವೆಲ್ಲ ದುಂಡವ್ವ ಗಂಡನ ಮುಖ ನೋಡಲಿಲ್ಲ. ಅವನೂ ಅವಳ ಮುಖ ನೋಡಲಿಲ್ಲ. ಸಂಜೆ ಮೇಲಿನಿಂದ ಇಳಿದುಬಂದ ಹೂವಿನ ಯಂಕವ್ವ, ಸುಗಲಾಳ ಹೊಟ್ಟೆ ಕೆಳಗೆ ಇಳಿದಿದೆ ಎಂದು ಹೇಳಿಹೋದಳು. ಮರುನಸುಕಿನಲ್ಲಿ, ಚಾವಡಿ ತುಂಬಿ ಇನ್ನೇನು ಬಾವಿಯವರು ಬಾಯಿ ತೆರೆಯಬೇಕು, ದುಂಡವ್ವ ಕೈ ಎತ್ತಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು, ಮತ್ತೆ ತೆಗೆದಳು. "ಇಂದು ಮುರಿಗೆಪ್ಪನ ಮನಿಯ ಮೆಟ್ಟಿಲ ಸೊಲ್ಲು ಬದಿಗೆ."

ಹೆಂಗಸರೆಲ್ಲ ಬಾಯಿಗೆ ಕೈ ಇಟ್ಟುಕೊಂಡರು. ಯಾರೋ ನಕ್ಕರು. ಮುರಿಗೆಪ್ಪ ತನ್ನ ಹೆಸರನ್ನು ಒಗಟಿನ ಸುತ್ತಿಲ್ಲದೆ ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವನ ಕಿವಿಗಳು ಕೆಂಪಾದವು. ಅವನ ಸರದಿ ಬಂದಾಗ ಬಾಯಿ ಬಿಗಿಹಿಡಿದು ಕುಳಿತ. ತುಟಿ ಅಲುಗದಂತೆ ಅಂಗೈಯಿಂದ ಗಲ್ಲ ಒತ್ತಿಕೊಂಡಿದ್ದ. ದುಂಡವ್ವ ಏರುದಾರಿ ಹೇಳಿದಳು. ಬಾಗಿಲು ತೆರೆದರು.

ಮತ್ತೆ ನಿನ್ನೆಯ ಊರು.

ಈ ಸಲ ಹಾಲಪ್ಪ ಕೂಗಾಡಲಿಲ್ಲ. ಹಣೆ ಹಿಡಿದು ಕುಳಿತ. ಕೂಗಾಡಿದವನು ಕ್ಷೌರದ ಪರಸಪ್ಪ. "ದುಂಡಕ್ಕಾ, ಊರು ಎಲ್ಲಿ ಎಡವಿತು ಗೊತ್ತೇನು? ನನ್ನ ಸೊಲ್ಲಿನಾಗ. 'ಬೇವಿನ ಮೆಟ್ಟಿಲ ಮ್ಯಾಲ ನನ್ನ ಕಲ್ಲು ಐತಿ' ಅಂತ ಸುರು ಆಗ್ತೈತಿ ಅದು. ಮೆಟ್ಟಿಲಾನ ಇಲ್ಲಂದ್ರ ಕಲ್ಲು ಎಲ್ಲಿ ಕುಂದರಬೇಕು? ನನ್ನ ನೆತ್ತಿ ಮ್ಯಾಲ?"

"ನಿನ್ನ ನೆತ್ತಿ ಬೋಳ ಐತಿ, ಕುಂತ್ರೂ ಜಾರ್ತೈತಿ" ಎಂದಳು ಯಂಕವ್ವ. "ನನ್ನ ಬುಟ್ಟಿದು ಕೇಳು. 'ಹೂವಿನ ಮೆಟ್ಟಿಲ ಎಡಕ' ಅಂತ ನಮ್ಮತ್ತಿ ಕಲಿಸ್ಯಾಳ. ಯಾವ ಎಡ ಅಂತ ಹುಡುಕ್ಲಿ?"

"ನಿಮ್ಮ ನಿಮ್ಮ ಸೊಲ್ಲು ಸ್ವಲ್ಪ ತಿರುವಿ ಹೇಳ್ರವಾ" ಎಂದು ದುಂಡವ್ವ ಬೇಡಿಕೊಂಡಳು. "ಒಂದು ಮಾತು, ಬರೇ ಒಂದು ಮಾತು."

ಗಂಟೆಯವರೂ, ನೀರ ಕಾಲುವೆಯವರೂ ನೆಲ ನೋಡಿದರು. ಗಂಟೆಯ ಕಮಾನು ಒಂದು ಮೆಟ್ಟಿಲ ಎರಡು ತುದಿಗೆ ಕಾಲೂರಿತ್ತು; ಕಾಲುವೆಯ ನೀರು ಮೆಟ್ಟಿಲ ಅಂಚಿನಲ್ಲಿ ಜಿಗಿಯುತ್ತ ಇಳಿಯುತ್ತಿತ್ತು. ಎಲ್ಲರ ಸೊಲ್ಲೂ ಹಿರಿಯರದೇ. ಒಬ್ಬರಿಗಾಗಿ ಅಷ್ಟು ಮಂದಿ ತಮ್ಮ ಹಿರಿಯರ ಮಾತು ತಿರುವುವುದೆಂದರೆ ಆಗದ ಮಾತು. ಆಗ ಮುರಿಗೆಪ್ಪನ ಮುಖದಲ್ಲಿ ಗೆಲುವು ಕಂಡಿತೆಂದು ಕಂಬಳಿಯ ಮುದುಕ ಹೇಳಿದ. ಎಣ್ಣೆ ತಿಕ್ಕುವವಳು ಅದನ್ನು ಒಪ್ಪಲಿಲ್ಲ: "ಗೆಲುವಲ್ರಿ ಅದು. ಮಾತು ನುಂಗಿ ಕುಂತಾಂವನ ಮುಖ ಊದಿಕೊಂಡಿತ್ತು, ಅಷ್ಟ."

ಮಧ್ಯಾಹ್ನ ಮುರಿಗೆಪ್ಪ ಯಾರಿಗೂ ಹೇಳದೆ ಮೆಟ್ಟಿಲು ಏರತೊಡಗಿದ. ದುಂಡವ್ವ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಅವನು ಒಂದು ಮೆಟ್ಟಿಲಲ್ಲಿ ನಿಲ್ಲುವನು, ಬಗ್ಗುವನು, ಅಂಗೈಯಿಂದ ಅಂಚು ಸವರುವನು, ಅಕ್ಕಪಕ್ಕ ನೋಡುವನು, ಮುಂದಿನದಕ್ಕೆ ಏರುವನು. ಮೇಲೆ ಮುಟ್ಟಿ ಮತ್ತೆ ಹಾಗೆಯೇ ಇಳಿದ. ನಡುದಾರಿಯಲ್ಲಿ ಒಂದು ಕಡೆ ಬಹಳ ಹೊತ್ತು ಕುಳಿತ. ಬಂದವನು ಅವಳೆದುರು ಕುಕ್ಕರಗಾಲಲ್ಲಿ ಕುಳಿತು ಆರಿಸಿದ ಅಕ್ಕಿಯಲ್ಲಿ ಬೆರಳಾಡಿಸಿದ.

"ಯಾವ ಮೆಟ್ಟಿಲಿಗೆ ಯಾರ್ಯಾರು ಆನಿಕೊಂಡಾರ ಅಂತ ನೋಡಿ ಬಂದೆ. ಇಷ್ಟು ವರ್ಷ ಹೇಳಿದೆ, ನೋಡಿದ್ದಿಲ್ಲ. ನಾ ಹೇಳೂದು ಕಲ್ಲು ಅಂತ ತಿಳಿದಿದ್ದೆ."

"ಮತ್ತ ಕಲ್ಲಲ್ಲದ ಏನು?"

"ಅವ್ರಿಗೆ ಕಲ್ಲು ಬೇಕಾಗಿಲ್ಲ. ಪರಸಪ್ಪಗ ಬೇವಿನ ನೆಳ್ಳಾಗ ಒಂದು ಜಾಗಾ ಬೇಕು. ಯಂಕವ್ವಗ ಒಂದು ಎಡಗಡಿ ಬೇಕು. ಗಂಟಿಗೆ ಕಾಲೂರಾಕ ಎರಡು ತುದಿ ಬೇಕು. ನೀರಿಗೆ ಮಾತ್ರ ಖರೇನ ಮೆಟ್ಟಿಲು ಬೇಕು, ಅದೂ ಒಂದು ಗೇಣು ಅಗಲ ಆದ್ರ ಸಾಕು. ನಿನ್ನ ಏರುದಾರಿಯಾಗ ಇವು ಒಂದೂ ಇಲ್ಲ. ನೀನು ಬರೇ ನಿನ್ನ ಗಾಲಿ ಹೇಳಿದಿ."

ದುಂಡವ್ವನಿಗೆ ಸಿಟ್ಟು ಬಂತು, ನಗೆಯೂ ಬಂತು. "ಹಂಗಾರ ಏರುದಾರಿ ಮ್ಯಾಲನ ಹೇಳೂಣ್ರಿ. ಬೇವಿನ ಹತ್ರದ ಜಾಗಾಕ್ಕ 'ಬೇವಿನ ಮೆಟ್ಟಿಲು' ಅಂತ ಹೆಸರು ಐತಿ ಅನ್ನೂಣು. ಅಲ್ಲಿಂದ ಮ್ಯಾಲ ಹೋದ್ರ 'ಹೂವಿನ ಮೆಟ್ಟಿಲು' ಐತಿ ಅನ್ನೂಣು. ಅವರ ಸೊಲ್ಲು ಕೇಳಿದ್ದು ಅವಕ್ಕ ಸಿಗ್ತೈತಿ. ಯಾರೂ ಏನೂ ತಿರುವೂದು ಬ್ಯಾಡ."

"ಮೆಟ್ಟಿಲಾ ಇಲ್ಲ, ಹೆಸರು ಮೆಟ್ಟಿಲು. ಸುಳ್ಳಾಗೂದಿಲ್ಲೇನು?"

"ನಿಮ್ಮಜ್ಜನ ಹೆಸರು ನಿಮಗ ಇಟ್ಟಾರಲ್ಲ, ನೀವೇನು ನಿಮ್ಮಜ್ಜ ಏನ್ರಿ? ಮುರಿಗೆಪ್ಪಾ ಅಂದ್ರ ಓ ಅಂತೀರಿಲ್ಲೋ? ಊರಿಗೆ ಅಷ್ಟು ಸಾಕು."

ಅವನು ತಲೆಯೆತ್ತಿದ. "ಮತ್ತ ಹೆಸರು ಹಿಡದಿ."

"ಒಮ್ಮಿ ಹಿಡದ ಮ್ಯಾಲ ಏನೈತಿ" ಎಂದು ಅವಳು ಅಕ್ಕಿಯ ಮೊರ ತನ್ನತ್ತ ಎಳೆದುಕೊಂಡಳು. ಆದರೆ ಅವನು ಒಪ್ಪಿದೆ ಎನ್ನಲಿಲ್ಲ. ಒಲ್ಲೆ ಎಂದೂ ಅನ್ನಲಿಲ್ಲ. ಎದ್ದು ಮತ್ತೆ ಮೆಟ್ಟಿಲ ಬುಡಕ್ಕೆ ಹೋಗಿ ನಿಂತ.

ಮರುದಿನ ಚಾವಡಿಗೆ ಎಲ್ಲರೂ ಬರುವ ಹೊತ್ತಿಗೆ ಪರಸಪ್ಪ ಮೇಲಿನಿಂದ ಏದುಸಿರು ಬಿಡುತ್ತ ಇಳಿದುಬಂದ. "ದುಂಡಕ್ಕಾ, ಸುಗಲಾಗ ಬ್ಯಾನಿ ಹತ್ಯಾವ. ಅವರತ್ತಿ ಹೇಳಿ ಕಳಿಸ್ಯಾಳ, ಕೂಸು ಅಡ್ಡ ಕುಂತಂಗ ಕಾಣ್ತೈತಿ ಅಂತ." ಕುರ್ಚಿ ಹೊರುವವರು ಆಗಲೇ ತಲೆಗೆ ಸಿಂಬಿ ಸುತ್ತಿಕೊಂಡು ನಿಂತಿದ್ದರು. ಅವರಲ್ಲಿ ಹಿರಿಯನಾದವನು, "ಏಳವ್ವಾ, ಈಗ ಹೊಂಟ್ರ ಹೊಂಟ್ವಿ" ಎಂದ. ಭರಮಣ್ಣ ಆಕಾಶ ನೋಡಿ ತಲೆಯಾಡಿಸಿದ: "ಅರ್ಧದಾರಿಯಾಗ ಮಬ್ಬು ಹಿಡೀತೈತಿ. ಅಲ್ಲೇ ನಿಲ್ಲಬೇಕಾಗ್ತೈತಿ, ಹೇಳಿ ಮುಗಿಯೂತನಕ. ಇಲ್ಲಂದ್ರ ಹೇಳೂದು ಮುಗಿದ ಮ್ಯಾಲ ಹೋಗ್ರಿ."

ಹೇಳಿ ಮುಗಿದ ಮೇಲೆ ಹೊರಗೆ ಏನಿರುತ್ತದೆ ಎಂಬುದೇ ಪ್ರಶ್ನೆ. ಏರುದಾರಿ ಇದ್ದರೆ ಅವಳು ಕೂಸಿಗಿಂತ ಮೊದಲು ಮುಟ್ಟುತ್ತಾಳೆ. ಮತ್ತೆ ನಿನ್ನೆಯ ಊರೇ ಎದ್ದರೆ, ಕುರ್ಚಿ, ಹತ್ತು ಹೆಜ್ಜೆಗೊಂದು ಉಸಿರು, ಸುಣ್ಣದ ಭಟ್ಟಿಯವರ ಬಾಗಿಲು. ದುಂಡವ್ವನ ಬೆರಳುಗಳು ಗಾಲಿಮಣೆಯ ಅಂಚನ್ನು ಹಿಡಿದವು, ಬಿಟ್ಟವು. ಅವಳು ಹೊರುವವರ ಕಡೆ ನೋಡಲಿಲ್ಲ, ಭರಮಣ್ಣನ ಕಡೆ ನೋಡಲಿಲ್ಲ, ಗಂಡನನ್ನು ನೋಡಿದಳು. ಅವನು ಕಂಬಕ್ಕೆ ಆನಿಕೊಂಡು ಕುಳಿತಿದ್ದ.

"ಇಲ್ಲೇ ಇರ್ತೀನಿ" ಎಂದಳು.

ಮುರಿಗೆಪ್ಪ ಎದ್ದು ನಿಂತ. ರುಮಾಲು ಸರಿಮಾಡಿಕೊಂಡ. ಯಾರನ್ನೂ ನೋಡದೆ ಹೇಳಿದ: "ಇಂದು ಮುರಿಗೆಪ್ಪನ ಮನಿಯ ಮೆಟ್ಟಿಲ ಸೊಲ್ಲು ಬದಿಗೆ." ಬಾವಿಯವರು ಆರಂಭಿಸಿದರು. ಅವನ ಸರದಿ ಬಂದಾಗ ಅವನು ಹೊಸದನ್ನು ಹೇಳತೊಡಗಿದ. ಅಜ್ಜನ ಸೊಲ್ಲು ಬಾಯಲ್ಲಿ ನೀರಿನಂತೆ ಹರಿಯುತ್ತಿದ್ದವನು ಈಗ ಒಂದೊಂದು ಮಾತನ್ನೂ ಕತ್ತಲಲ್ಲಿ ಕಾಲಿಡುವವನಂತೆ ಇಟ್ಟ. ಎರಡು ಬಂಡೆಗಲ್ಲಿನ ನಡುವ ಏರುದಾರಿ ಐತಿ. ಬಲಕ್ಕ ನೀರಿಗೆ ಗೇಣಗಲದ ಮೆಟ್ಟಿಲು ಐತಿ. ಬೇವಿನ ನೆಳ್ಳಾಗ ಬೇವಿನ ಮೆಟ್ಟಿಲು ಅನ್ನೂ ಜಾಗಾ ಐತಿ. ಅಲ್ಲಿಂದ ಮ್ಯಾಲ ಹೂವಿನ ಮೆಟ್ಟಿಲು ಅನ್ನೂ ಜಾಗಾ ಐತಿ, ಗಂಟಿಗೆ ಕಾಲೂರಾಕ ಎರಡು ತುದಿ ಐತಿ. ಹೇಳುತ್ತ ಹೇಳುತ್ತ ನಡುವೆ ಒಂದು ಕಡೆ ದನಿ ತೀರ ಇಳಿಸಿದ. ಅಲ್ಲಿ ಏನೆಂದನೋ ದುಂಡವ್ವನಿಗೆ ಕೇಳಿಸಲಿಲ್ಲ. ಅಜ್ಜನ ಮೆಟ್ಟಿಲನ್ನೇ ಒಂದಾದರೂ ಉಳಿಸಿಕೊಂಡನೇ? ಒಂದು ಸಾಕು, ಊರು ಎಡವಲು.

ಆಮೇಲೆ ಯಂಕವ್ವ ಹೂವಿನ ಮೆಟ್ಟಿಲ ಎಡಕ್ಕೆ ಬುಟ್ಟಿ ಐತಿ ಎಂದಳು. ಪರಸಪ್ಪ ಬೇವಿನ ಮೆಟ್ಟಿಲ ಮೇಲೆ ಕಲ್ಲು ಐತಿ ಎಂದ. ಎಂದವನು ಅನುಮಾನದಿಂದ ನೆಲ ನೋಡಿದ. ಗಂಟೆಯವರು, ಕಾಲುವೆಯವರು, ಕೊನೆಗೆ ಹಾಲಪ್ಪ, ಕೈಮುಗಿದುಕೊಂಡೇ, "ನನ್ನ ಚಪ್ಪರಾ ಐತಿ, ಐತಿ, ಐತಿ" ಎಂದು ಮೂರು ಸಲ ಹೇಳಿದ. ಬಾಗಿಲು ತೆರೆದರು.

ಮೊದಲು ಕೇಳಿದ್ದು ಹಾಲಪ್ಪನ ಕೂಗು. ಈ ಸಲ ಸಂತೋಷದ್ದು. ಬಂಡೆಗಳ ನಡುವೆ ಏರುದಾರಿ ಮೇಲಕ್ಕೆ ಹೋಗಿತ್ತು, ಬೇಕಾದ ಕಡೆ ಬಳಸಿ, ಬೇಕಾದಷ್ಟೇ ಕಡಿದಾಗಿ. ಬಂಡೆಗಳೂ ಅದಕ್ಕೆ ತಕ್ಕಂತೆ ಮಗ್ಗುಲು ಬದಲಿಸಿ ಮಲಗಿದಂತಿದ್ದವು. ಬಲಗಡೆ ನೀರು ತನ್ನ ಪುಟ್ಟ ಮೆಟ್ಟಿಲುಗಳ ಮೇಲೆ ಜಿಗಿಯುತ್ತಿತ್ತು. ಹೊರುವವರು ಮುಂದೆ ಬರುವ ಮೊದಲೇ ಮುರಿಗೆಪ್ಪ ಗಾಲಿಮಣೆಯ ಹಿಂದೆ ಬಗ್ಗಿ ತಳ್ಳಿದ. ಪರಸಪ್ಪ ಒಂದು ಕೈ ಹಚ್ಚಿದ. ಬೇವಿನ ನೆರಳು ದಾಟಿತು, ಯಂಕವ್ವನ ಬುಟ್ಟಿ ದಾಟಿತು. ನಡುದಾರಿಯಲ್ಲಿ ಗಾಲಿ ತಾನಾಗಿ ನಿಂತಿತು. ಅಲ್ಲಿ ದಾರಿ ಸಮತಟ್ಟಾಗಿತ್ತು, ಒಂದು ಗಾಲಿಮಣೆ, ಅದರ ಪಕ್ಕ ಒಬ್ಬ ಮನುಷ್ಯ ನಿಲ್ಲುವಷ್ಟು. ದುಂಡವ್ವ ಸುತ್ತ ನೋಡಿದಳು. ಬಂಡೆಯ ಮೇಲಿನ ಬಿರುಕು ಗುರುತು ಹಿಡಿದಳು. ಅವಳು ಬಿದ್ದ ಮೆಟ್ಟಿಲು ಇದ್ದದ್ದು ಅಲ್ಲಿಯೇ.

"ಈ ಜಾಗಾ ಯಾರ ಸೊಲ್ಲೂ ಕೇಳಿದ್ದಿಲ್ಲಲ್ರಿ."

"ನಾ ಕೇಳಿದ್ದೆ" ಎಂದ ಮುರಿಗೆಪ್ಪ. "ಉಸಿರು ತಗೋ. ಮ್ಯಾಲ ಹೋಗಿ ನಿನ್ನ ಕೈ ನಡುಗಬಾರದು."

ಅವಳು ಉಸಿರು ತೆಗೆದುಕೊಂಡಳು. ಸುಗಲಾಳ ಮನೆಗೆ ಮುಟ್ಟಿದಾಗ ಕೂಸು ಇನ್ನೂ ಒಳಗಿತ್ತು, ಅಡ್ಡವೇ ಇತ್ತು. "ದೊಡ್ಡವ್ವಾ, ಬಂದ್ಯಾ?" ಎಂದು ಸುಗಲಾ ಅಳತೊಡಗಿದಳು. "ಬಂದೀನಿ, ಬಾಯಿ ಮುಚ್ಚು, ಆ ಶಕ್ತಿ ಕೆಳಗ ಹಾಕು" ಎಂದು ದುಂಡವ್ವ ತೋಳು ಏರಿಸಿಕೊಂಡಳು. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಕೂಸು ತಿರುಗಿ ಬಂತು. ಅತ್ತಿತು. ಗಟ್ಟಿಯಾಗಿ ಅತ್ತಿತು. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಮುರಿಗೆಪ್ಪ ಎಲೆಗೆ ಸುಣ್ಣ ಹೆಚ್ಚು ಹಚ್ಚಿ ಬಾಯಿ ಸುಟ್ಟುಕೊಂಡನಂತೆ.

ಕಂಬಳಿಯ ಮುದುಕ ಕಥೆಯನ್ನು ಇಲ್ಲಿಗೆ ಬಿಟ್ಟು ಗಂಟು ಹೆಗಲಿಗೇರಿಸಿದ. ಎಣ್ಣೆ ತಿಕ್ಕುವವಳು ಬಿಡಲಿಲ್ಲ. ಅವಳು ಹೇಳಿದಂತೆ, ಬದಿಗಿಟ್ಟ ಸೊಲ್ಲು ಆ ಊರಿನಲ್ಲಿ ಸಾಯುತ್ತಿರಲಿಲ್ಲ. ಒಂದು ದಿನ ಬದಿಗೆ ಅನ್ನಲು ಮರೆತರೆ, ಅಜ್ಜನ ಮೆಟ್ಟಿಲು ಮತ್ತೆ ಎದ್ದು ನಿಲ್ಲಲು ಹಾಗೆಯೇ ಕಾದಿರುತ್ತಿತ್ತು. ಆದ್ದರಿಂದ ಆ ಮಾತನ್ನು ದಿನವೂ ಹೇಳಬೇಕಾಗಿತ್ತು. ಮೊದಲು ಚಾವಡಿಯ ನಡುವಿನ ಸರದಿಯಲ್ಲಿ ಎಲ್ಲೋ ಒಂದು ಕಡೆ ಕೇಳುತ್ತಿದ್ದ ಮುರಿಗೆಪ್ಪನ ದನಿ ಈಗ ಎಲ್ಲರಿಗಿಂತ ಮೊದಲು ಏಳುತ್ತಿತ್ತು, ತನ್ನ ಮನೆಯ ಸೊಲ್ಲನ್ನು ಇಂದು ಹೇಳುವುದಿಲ್ಲ ಎನ್ನಲು. ಮಧ್ಯಾಹ್ನಗಳಲ್ಲಿ ಅವನು ಏರುದಾರಿಯ ಆ ಸಮತಟ್ಟಿನಲ್ಲಿ ಕುಳಿತು ಅಜ್ಜನ ಮೆಟ್ಟಿಲನ್ನು ಬುಡದಿಂದ ತುದಿಯ ತನಕ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ. ದುಂಡವ್ವ ಗಾಲಿಮಣೆ ನಿಲ್ಲಿಸಿ ಬೈಯುತ್ತಿದ್ದಳು: "ಯಾಕ್ರಿ ಅದನ್ನ ಬಾಯಾಗ ಇಟ್ಕೊಂಡೀರಿ? ನಸುಕಿನ್ಯಾಗ ತಪ್ಪಿ ಬಂದ್ರ?"

"ಬದಿಗಿಟ್ಟದ್ದು ಎಲ್ಲೈತಿ ಅಂತ ಯಾರಿಗಾರ ಗೊತ್ತಿರಬೇಕಲ್ಲ" ಎನ್ನುತ್ತಿದ್ದ ಅವನು.

ಅವಳಿಗೆ ಆ ಉತ್ತರ ಸಾಲುತ್ತಿರಲಿಲ್ಲ. ಬಸುರಿಯರ ಹೊಟ್ಟೆ ಊರಿಗಾಗಿ ಕಾಯುವುದಿಲ್ಲವೆಂದು ಅವಳು ಬಲ್ಲಳು. ಹೀಗಾಗಿ ಕೊನೆಯ ತನಕ ದುಂಡವ್ವ ಎಲ್ಲರಿಗಿಂತ ಮೊದಲು ಎದ್ದು ಗಾಲಿಮಣೆಯನ್ನು ಚಾವಡಿಯ ಹೊಸ್ತಿಲಿಗೆ ಒತ್ತಿಕೊಂಡು ಕಾಯುತ್ತಿದ್ದಳು. ಹೊರಗೆ ಮಬ್ಬು, ಒಳಗೆ ರುಮಾಲು ಸರಿಮಾಡಿಕೊಳ್ಳುವ ಸದ್ದು, ಒಂದು ಕೆಮ್ಮು. ಆಮೇಲೆ ಅವನು ತನ್ನ ಹೆಸರನ್ನೂ ತನ್ನಜ್ಜನ ಹೆಸರನ್ನೂ ಒಂದೇ ಸಲಕ್ಕೆ ಹಿಡಿದು, ಬದಿಗೆ, ಎನ್ನುವನು. ಅದು ಕಿವಿಗೆ ಬಿದ್ದ ಮೇಲೆಯೇ ಅವಳು ಗಾಲಿಯ ಮೇಲಿನ ಕೈ ಸಡಿಲಿಸುವಳು, ಆ ಒಂದು ದಿನದ ಮಟ್ಟಿಗೆ.